ಬೆಳಿಗ್ಗೆ ಎಂಟರ ಕಾವೇರಿ

ಮುಂಗಾರು ಕಾಲಿಟ್ಟಿತೆಂದರೆ ಮೈಸೂರು, ಮಂಡ್ಯ ಕಡೆಯ ಪತ್ರಿಕೆಗಳಲ್ಲಿ ಜಲಾಶಯಗಳ ಮಟ್ಟ ತಿಳಿಸುವ ಪುಟ್ಟದೊಂದು ಪಟ್ಟಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಕಬಿನಿ 2,284 ಅಡಿ, ಹಾರಂಗಿ 2,859, ಹೇಮಾವತಿ 2,922. ಆ ಕಡೆಯ ಜನ ಲೋಟದ ಕಾಫಿ ಆರುವುದರೊಳಗೆ ಅದನ್ನು ಓದಿ, ಒಳಹರಿವಿನ ಮೇಲೊಮ್ಮೆ ಕಣ್ಣಾಡಿಸಿ, ಸಮಾಧಾನವನ್ನೋ ಸಂಕಟವನ್ನೋ ಪಟ್ಟು ಪುಟ ತಿರುವುತ್ತಾರೆ. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ್ದ ಗದಗದ ಹುಡುಗಿ ಮಾತ್ರ ಆ ಪಟ್ಟಿಯನ್ನು ಬಹಳ ಹೊತ್ತು ದಿಟ್ಟಿಸಿ ಕೇಳಿದಳು: “ಸರ್, ಹೇಮಾವತಿ ಡ್ಯಾಮು ಕೆಆರ್‌ಎಸ್‌ಗಿಂತ ಇಪ್ಪತ್ಮೂರು ಪಟ್ಟು ಎತ್ತರ ಐತೇನ್ರಿ?”

ಇಲ್ಲ. ಕೆಆರ್‌ಎಸ್‌ನ ಅಡಿ ನದಿಯ ತಳದಿಂದ ಎಣಿಸಿದ್ದು. ಉಳಿದ ಮೂರರದ್ದು ಸಮುದ್ರಮಟ್ಟದಿಂದ. ಒಂದು ಗೋಪುರವನ್ನು ಅದರ ಬುಡದಿಂದ ಅಳೆದು, ಪಕ್ಕದ ಊರಿನ ಗೋಪುರವನ್ನು ಮಂಗಳೂರಿನ ಕಡಲತೀರದಿಂದ ಅಳೆದು, ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದಿಟ್ಟ ಹಾಗೆ. ಅವಳಿಗೆ ನಗು ತಡೆಯಲಾಗಲಿಲ್ಲ. “ನಮ್ಮ ಆಲಮಟ್ಟಿ ಛಲೋ ನೋಡ್ರಿ, ಮೀಟರಿನಾಗ ಹೇಳ್ತಾರ, 519.60,” ಅಂದಳು. ಅಲ್ಲಿಗೆ ಮೂರನೆಯ ಅಳತೆಗೋಲೂ ಬಂದು ಮೇಜಿನ ಮೇಲೆ ಕೂತಿತು.

ನಾವು ಮಾಡಹೊರಟಿದ್ದದ್ದು ಕಾವೇರಿ ಕೊಳ್ಳದ ನೀರಿನ ಲೆಕ್ಕವನ್ನೆಲ್ಲ ಒಂದೇ ಕಡೆ ತೋರಿಸುವ ವೆಬ್ ಆ್ಯಪ್. ಮಳೆ ಎಷ್ಟು, ಜಲಾಶಯದಲ್ಲಿ ಎಷ್ಟಿದೆ, ನದಿಯಲ್ಲಿ ಎಷ್ಟು ಹರಿಯುತ್ತಿದೆ, ಹರಿಯುವ ನೀರು ಹೇಗಿದೆ, ಇಷ್ಟೂ ಸಂಗತಿ ಕನ್ನಡದಲ್ಲಿ, ಮೊಬೈಲಿನಲ್ಲಿ, ಯಾರಿಗಾದರೂ ಅರ್ಥವಾಗುವಂತೆ ಇರಬೇಕು. ಸರ್ಕಾರದ ಬೇರೆಬೇರೆ ಇಲಾಖೆಗಳು ಈ ಅಂಕಿಅಂಶಗಳನ್ನು ಪ್ರಕಟಿಸುತ್ತಲೇ ಇವೆ. ನಮ್ಮಲ್ಲಿ ಕೊರತೆ ಇರುವುದು ಅಂಕಿಗಳದ್ದಲ್ಲ. ಬೆಂಗಳೂರಿನ ಎಸಿ ಕೋಣೆಯಲ್ಲಿ ಕೂತು ಬಟನ್ನಿನ ಬಣ್ಣ ಯಾವುದಿರಲಿ ಎಂದು ಚರ್ಚಿಸುವ ಬದಲು, ಅಂಕಿಗಳು ಹುಟ್ಟುವ ಜಾಗಗಳನ್ನೇ ನೋಡಿಬರೋಣವೆಂದು ತೀರ್ಮಾನವಾಯಿತು. ತಲಕಾವೇರಿಯಿಂದ ಬಿಳಿಗುಂಡ್ಲುವರೆಗೆ, ನದಿ ಹೋದತ್ತ. ನಾನು, ಗದಗದ ಹುಡುಗಿ, ಮತ್ತು ಕೋಡ್ ಬರೆಯುವಷ್ಟೇ ನಿಷ್ಠೆಯಿಂದ ಕಾರು ಓಡಿಸುವ ಒಬ್ಬ ಗೆಳೆಯ.

ಅಕ್ಟೋಬರಿನ ಮೊದಲ ವಾರ. ಭಾಗಮಂಡಲದಲ್ಲಿ ಮಳೆ ಹೋಗಿತ್ತು ಎನ್ನುವಂತೆಯೂ ಇರಲಿಲ್ಲ, ಇತ್ತು ಎನ್ನುವಂತೆಯೂ ಇರಲಿಲ್ಲ. ತ್ರಿವೇಣಿ ಸಂಗಮದಲ್ಲಿ ಕನ್ನಿಕೆಯೂ ಕಾವೇರಿಯೂ ಮಣ್ಣುಬಣ್ಣ ಬಿಟ್ಟು ತಿಳಿಯಾಗುತ್ತಿದ್ದವು. ಮೇಲೆ ಬ್ರಹ್ಮಗಿರಿಯಲ್ಲಿ, ಸಮುದ್ರಮಟ್ಟದಿಂದ 1,276 ಮೀಟರ್ ಎತ್ತರದಲ್ಲಿ, ನದಿ ಅಂದರೆ ಒಂದು ಪುಟ್ಟ ಕುಂಡಿಕೆ. ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಇನ್ನೂ ದಿನಗಳಿದ್ದವು. ಅಲ್ಲಿ ಅಳೆಯಲು ಏನೂ ಇಲ್ಲ. ಅಳತೆ ಶುರುವಾಗುವುದು ಕೆಳಗೆ, ಕಾಫಿ ತೋಟಗಳಲ್ಲಿ.

ಕೊಡಗಿನ ಹಳೆಯ ತೋಟಗಳಲ್ಲಿ ಮಳೆಮಾಪಕವಿಲ್ಲದ ಮನೆ ಹುಡುಕುವುದು ಕಷ್ಟ. ನಾವು ಹೋದ ಮನೆಯ ಯಜಮಾನರು ಎಪ್ಪತ್ತು ದಾಟಿದವರು. ಅಂಗಳದಾಚೆ, ಮರಗಳ ನೆರಳು ಬೀಳದ ಕಡೆ, ಗಿಡ್ಡ ಕಟ್ಟೆಯ ಮೇಲೆ ತಾಮ್ರದ ಆಲಿಕೆ ಕೂರಿಸಿದ ಡಬ್ಬಿ. ಬೆಳಿಗ್ಗೆ ಗಡಿಯಾರ ಎಂಟು ತೋರಿಸಿದ್ದೇ ತಡ, ಕೊಡೆ ಹಿಡಿದು ಹೊರಟರು. ಆಲಿಕೆ ಎತ್ತಿದರು, ಒಳಗಿನ ಸೀಸೆಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸಿದರು, ಲೋಟವನ್ನು ಕಣ್ಣಿನ ಸಮಕ್ಕೆ ಹಿಡಿದು ಕ್ಷಣ ಉಸಿರು ಬಿಗಿಹಿಡಿದರು. “ಅರವತ್ತೆರಡು ಸೆಂಟು,” ಅಂದರು. ಒಂದು ಇಂಚಿಗೆ ನೂರು ಸೆಂಟು. ಕಾಫಿ ಬೆಳೆಗಾರರ ನಾಡಿನಲ್ಲಿ ಮಳೆ ಇವತ್ತಿಗೂ ಇಂಚು, ಸೆಂಟಿನಲ್ಲೇ ಬೀಳುತ್ತದೆ. ಫೋನಿನಲ್ಲಿ ಒಂದು ತೋಟದವರು ಇನ್ನೊಂದು ತೋಟದವರಿಗೆ ಕುಶಲ ವಿಚಾರಿಸುವುದಕ್ಕೆ ಮುಂಚೆ ಕೇಳುವುದೇ “ನಿಮ್ಮಲ್ಲಿ ಎಷ್ಟು ಬಿತ್ತು?” ಎಂದು.

ಒಳಗೆ ಅವರು ತೆರೆದು ತೋರಿಸಿದ ಪುಸ್ತಕಗಳನ್ನು ಕಂಡು ನಮ್ಮ ಕೋಡ್ ಗೆಳೆಯನ ಬಾಯಿ ಕಟ್ಟಿತು. ತಾತನ ಕಾಲದಿಂದ ಒಂದೇ ನಮೂನೆ: ತಾರೀಕು, ಮಳೆ, ಷರಾ. ಷರಾ ಕಾಲಮಿನಲ್ಲಿ ಹೂಮಳೆ ಬಂದ ದಿನ, ಸೇತುವೆ ಮುಳುಗಿದ ದಿನ, ಆಳುಗಳು ಬಾರದ ದಿನ. 2018ರ ಆಗಸ್ಟಿನ ಪುಟ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಎಷ್ಟೋ ಸಲ ತೆಗೆದು ನೋಡಿದ್ದಿರಬೇಕು. ಗುಡ್ಡಗಳು ಕುಸಿದ ಆ ವಾರದಲ್ಲೂ ಒಂದು ದಿನದ ಅಂಕಿಯೂ ತಪ್ಪಿರಲಿಲ್ಲ, ಷರಾ ಮಾತ್ರ ಖಾಲಿ.

“ನಿಮ್ಮ ಮಿಲಿಮೀಟರು ನನಗೆ ತಲೆಗೆ ಹತ್ತುವುದಿಲ್ಲ ನೋಡಿ,” ಅಂದರು ಅವರು, ಕಾಫಿ ಮುಂದಿಡುತ್ತಾ. ಈ ಕಡೆ ವರ್ಷದ ಮಳೆ ಐದು ಸಾವಿರ ಮಿಲಿಮೀಟರು ದಾಟುವುದು ಅಪರೂಪವಲ್ಲ. ಅದೇ ನದಿ ನೀರುಣಿಸುವ ಮಂಡ್ಯದಲ್ಲಿ ಏಳುನೂರರ ಆಸುಪಾಸು. ಆ ಅಂತರವೇ ಕಾವೇರಿಯ ಕಥೆ. ಆದರೆ ಅದನ್ನು ಇವರಿಗೆ ಇಂಚಿನಲ್ಲಿ ಹೇಳಬೇಕು, ಮಂಡ್ಯದವರಿಗೆ ಮಿಲಿಮೀಟರಿನಲ್ಲಿ. ನಮ್ಮ ಪುಟದಲ್ಲಿ ಅಳತೆ ಬದಲಿಸುವ ಗುಂಡಿ ‘ಸೆಟ್ಟಿಂಗ್ಸ್’ ಒಳಗೆ ಮೂರು ಮೆಟ್ಟಿಲು ಕೆಳಗಿತ್ತು. ಅದನ್ನು ಅಂಕಿಯ ಪಕ್ಕಕ್ಕೇ ತಂದಿದ್ದು ಆ ಜಗಲಿಯಲ್ಲಿ ಕೂತೇ.

ಬರುವ ದಾರಿಯಲ್ಲಿ ಗ್ರಾಮ ಪಂಚಾಯಿತಿಯೊಂದರ ಬಳಿ ಕಂಬಕ್ಕೆ ಕಟ್ಟಿದ ಸೌರಫಲಕ, ಅದರಡಿ ಒಂದು ಬಿಳಿ ಡಬ್ಬ ಕಂಡಿತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ. ರಾಜ್ಯದಲ್ಲಿ ಇಂಥವು ಆರು ಸಾವಿರಕ್ಕೂ ಹೆಚ್ಚಿವೆ. ಹದಿನೈದು ನಿಮಿಷಕ್ಕೊಮ್ಮೆ ತಮ್ಮ ಪಾಡಿಗೆ ಬೆಂಗಳೂರಿಗೆ ಸುದ್ದಿ ಕಳಿಸುತ್ತವೆ. ಕೊಡೆ ಹಿಡಿದ ಅಜ್ಜನೂ ಈ ಡಬ್ಬವೂ ಒಂದೇ ಕೆಲಸ ಮಾಡುತ್ತಿರುವುದನ್ನು ಒಂದೇ ಬೆಳಿಗ್ಗೆ ನೋಡಿದೆವು. ಅದೇ ಕೇಂದ್ರ ‘ವರುಣಮಿತ್ರ’ ಎಂಬ ಸಹಾಯವಾಣಿಯನ್ನೂ ನಡೆಸುತ್ತದೆ. ರೈತರು ಕರೆ ಮಾಡಿ ಮಳೆ ಬರುತ್ತದಾ ಎಂದು ಕೇಳಬಹುದು. ನನ್ನನ್ನು ಕೇಳಿದರೆ, ಇದುವರೆಗೆ ನಮ್ಮಲ್ಲಿ ಬಂದ ಅತ್ಯುತ್ತಮ ಬಳಕೆದಾರಸ್ನೇಹಿ ವಿನ್ಯಾಸ ಅದೇ. ಪ್ರಶ್ನೆ ಕೇಳಿದರೆ ಮನುಷ್ಯ ಉತ್ತರ ಕೊಡುತ್ತಾನೆ. ನಾವು ವೆಬ್‌ನವರು ಅದರ ಹತ್ತಿರಕ್ಕೆ ಹೋದರೆ ಸಾಕು.

ಕುಶಾಲನಗರ ದಾಟಿ ಕೂಡಿಗೆ. ಹಾರಂಗಿ ಕಾವೇರಿಯನ್ನು ಸೇರುವುದು ಇಲ್ಲೇ ಹತ್ತಿರದಲ್ಲಿ. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವೂ ಇಲ್ಲೇ. ದಡದಿಂದ ನೀರಿನವರೆಗೆ ಮೆಟ್ಟಿಲುಮೆಟ್ಟಿಲಾಗಿ ನೆಟ್ಟ ಕಂಬಗಳು, ಒಂದೊಂದರ ಮೇಲೂ ಕಪ್ಪುಬಿಳುಪು ಗೆರೆಗಳು. ಒಂದು ಕಂಬ ಮುಳುಗಿದರೆ ಮೇಲಿನದು ಅಳತೆ ಮುಂದುವರಿಸುತ್ತದೆ. ಅಲ್ಲಿನ ಸಿಬ್ಬಂದಿ ಮರದ ಪೆಟ್ಟಿಗೆಯಿಂದ ಒಂದು ಉಪಕರಣ ಹೊರತೆಗೆದರು. ಸಣ್ಣ ಸಣ್ಣ ಬಟ್ಟಲುಗಳನ್ನು ಚಕ್ರದಂತೆ ಜೋಡಿಸಿದ್ದು, ಹಿಂದೆ ಮೀನಿನ ಬಾಲ. ಕರೆಂಟ್ ಮೀಟರ್. ಗಾಳಿಗೆ ಹಿಡಿದು ಊದಿದರು, ತಿರುಗಿತು.

ಆ ಪುಟ್ಟ ಯಂತ್ರ ನದಿಯನ್ನು ಅಳೆಯುವ ಬಗೆ ಕೇಳುತ್ತಾ ಹೋದಂತೆ ನನಗೆ ಮೈ ಜುಮ್ಮೆಂದಿತು. ನದಿಯನ್ನು ಅಡ್ಡಲಾಗಿ ಪಟ್ಟಿಪಟ್ಟಿಯಾಗಿ ಮನಸ್ಸಿನಲ್ಲೇ ಸೀಳಬೇಕು. ಪ್ರತಿ ಪಟ್ಟಿಯಲ್ಲೂ ಆಳ ನೋಡಬೇಕು. ಮೇಲಿನಿಂದ ಆಳದ ಹತ್ತನೇ ಆರು ಭಾಗ ಕೆಳಗೆ ಬಟ್ಟಲುಗಳನ್ನಿಳಿಸಿ ಎಷ್ಟು ಸುತ್ತು ತಿರುಗಿದವೆಂದು ಎಣಿಸಬೇಕು. ಸರಾಸರಿ ವೇಗ ಅಲ್ಲಿ ಸಿಗುತ್ತದೆ. ಅಗಲ, ಆಳ, ವೇಗ ಗುಣಿಸಿ, ಪಟ್ಟಿಗಳನ್ನೆಲ್ಲ ಕೂಡಿದರೆ ಹರಿವು. ಇದನ್ನು ಬೇರೆಬೇರೆ ಮಟ್ಟಗಳಲ್ಲಿ ವರ್ಷಗಟ್ಟಲೆ ಮಾಡಿ ಒಂದು ಗೆರೆ ಎಳೆದಿರುತ್ತಾರೆ: ನೀರು ಇಷ್ಟು ಎತ್ತರವಿದ್ದರೆ ಹರಿವು ಇಷ್ಟು. ಆಮೇಲೆ ಕಂಬದ ಮೇಲಿನ ಮಟ್ಟ ಓದಿದರೂ ಸಾಕು, ಗೆರೆ ಉಳಿದದ್ದನ್ನು ಹೇಳುತ್ತದೆ. ದೊಡ್ಡ ಪ್ರವಾಹ ಬಂದು ತಳದ ಮರಳು ಕದಲಿಸಿದರೆ ಗೆರೆಯನ್ನೂ ತಿದ್ದಬೇಕು. ನಾವು ಪರದೆಯ ಮೇಲೆ ನಿಖರವೆಂಬಂತೆ ತೋರಿಸುವ ಪ್ರತಿ ಅಂಕಿಯ ಹಿಂದೆ ನೀರಿನಲ್ಲಿ ನಿಂತು ಸುತ್ತು ಎಣಿಸಿದವರಿದ್ದಾರೆ. ಹಾಗಾಗಿ ಈಗ ನಮ್ಮ ಪುಟದಲ್ಲಿ ‘ಅಳೆದದ್ದು’, ‘ಅಂದಾಜಿಸಿದ್ದು’ ಎರಡೂ ಒಂದೇ ಥರ ಕಾಣುವುದಿಲ್ಲ. ಅಂದಾಜಿನ ಗೆರೆಗೆ ಚುಕ್ಕೆಗಳು.

ಇನ್ನೊಂದು ಸೋಜಿಗ. ಆಯೋಗದವರು ಹರಿವನ್ನು ಬರೆಯುವುದು ಸೆಕೆಂಡಿಗೆ ಇಷ್ಟು ಘನಮೀಟರೆಂದು, ಅಂದರೆ ಕ್ಯುಮೆಕ್. ಅಲ್ಲಿಂದ ಕೂಗಳತೆಯಾಚೆ ಹಾರಂಗಿ ಅಣೆಕಟ್ಟೆಯಲ್ಲಿ ಬರೆಯುವುದು ಕ್ಯುಸೆಕ್. ಒಂದು ಕ್ಯುಮೆಕ್‌ಗೆ ಮೂವತ್ತೈದು ಕ್ಯುಸೆಕ್ ಚಿಲ್ಲರೆ. ಒಂದೇ ನೀರು ಹತ್ತು ನಿಮಿಷದ ದಾರಿಯಲ್ಲಿ ಮೂವತ್ತೈದು ಪಟ್ಟು ಹೆಚ್ಚಿ ಮತ್ತೆ ಇಳಿಯುತ್ತದೆ!

ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್, ನೋಡಲು ಅನುಮತಿ ಸಿಕ್ಕಿತ್ತು. ಎಷ್ಟು ಸಲ ಕೆಳಗಿನ ಬೃಂದಾವನದಿಂದ ನೋಡಿದ್ದರೂ ಮೇಲೆ ನಿಂತು ಹಿನ್ನೀರು ನೋಡುವುದೇ ಬೇರೆ. ಎಡಕ್ಕೆ ಕಣ್ಣು ಸೋಲುವವರೆಗೆ ನೀರು, ಬಲಕ್ಕೆ ತೋಟ, ನಡುವೆ ಎರಡೂವರೆ ಕಿಲೋಮೀಟರಿಗೂ ಉದ್ದದ ಕಲ್ಲಿನ ಗೋಡೆ. 1911ರಲ್ಲಿ ಆರಂಭವಾದ ಕೆಲಸ, ಸಿಮೆಂಟಿಲ್ಲದೆ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ಗೋಡೆಯ ಮೇಲೆ ಬರೆದ ಅಡಿಗಳ ಅಂಕಿಗೆ ಅಲೆ ಬಂದು ಬಂದು ತಾಗುತ್ತಿತ್ತು.

ಇಲ್ಲಿ ಎಂಜಿನಿಯರೊಬ್ಬರು ಹೇಳಿದ ಮಾತು ನಮ್ಮ ಚಿತ್ರವನ್ನೇ ಬದಲಿಸಿತು. ಜಲಾಶಯವನ್ನು ನಾವು ನೇರ ಗೋಡೆಯ ಡಬ್ಬದಂತೆ ಬರೆದಿದ್ದೆವು. ಎಲ್ಲರೂ ಹಾಗೇ ಬರೆಯುತ್ತಾರೆ. ಆದರೆ ಮಟ್ಟ 100 ಅಡಿ ಇದ್ದಾಗ ನೋಡುವವರಿಗೆ ನಾಲ್ಕನೇ ಮೂರು ಭಾಗಕ್ಕಿಂತ ಹೆಚ್ಚು ತುಂಬಿದಂತೆ ಕಾಣುತ್ತದೆ, ಒಳಗಿರುವುದು ಪೂರ್ಣ ಸಾಮರ್ಥ್ಯವಾದ 49.45 ಟಿಎಂಸಿಯ ಅರ್ಧಕ್ಕಿಂತಲೂ ಕಡಿಮೆ. ಕಣಿವೆ ಮೇಲಕ್ಕೆ ಹೋದಂತೆ ಅಗಲವಾಗುತ್ತದೆ, ಕೊನೆಯ ಇಪ್ಪತ್ತೈದು ಅಡಿಯಲ್ಲಿ ಕೆಳಗಿನ ನೂರು ಅಡಿಗಿಂತ ಹೆಚ್ಚು ನೀರು ಹಿಡಿಯುತ್ತದೆ. ಗದಗದ ಹುಡುಗಿ ಅಲ್ಲೇ ಗೋಡೆಗೊರಗಿ ಡಬ್ಬವನ್ನು ಅಳಿಸಿ ಬಾಯಗಲದ ಬಟ್ಟಲು ಬರೆದಳು. ಹಿಂದೆಲ್ಲ ಬೇಸಿಗೆಯಲ್ಲಿ ಮಟ್ಟ ತೀರಾ ಕುಸಿದಾಗ ಮುಳುಗಿದ್ದ ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ಮೇಲೆದ್ದು ನಿಲ್ಲುತ್ತಿತ್ತಂತೆ. ಸುತ್ತಲ ಹಳ್ಳಿಯವರಿಗೆ ಬರಗಾಲದ ಗ್ರಾಫು ಅದೇ ಆಗಿತ್ತು. ಈಗ ಆ ಗುಡಿಯ ಕಲ್ಲುಗಳನ್ನೇ ಬಿಚ್ಚಿ ತಂದು ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿದ್ದಾರೆ.

ಬಣ್ಣದ ಜಗಳ ಎದ್ದಿದ್ದು ಶ್ರೀರಂಗಪಟ್ಟಣದಲ್ಲಿ. ಕಟ್ಟೆ ತುಂಬಿದರೆ ಹಸಿರು, ಬರಿದಾದರೆ ಕೆಂಪು ಎಂಬುದು ನಮ್ಮ ಲೆಕ್ಕ. ಸ್ನಾನಘಟ್ಟದಲ್ಲಿ ಹೂ, ಕರ್ಪೂರ ಮಾರುತ್ತಿದ್ದ ಹೆಂಗಸಿಗೆ ಮೊಬೈಲು ತೋರಿಸಿದೆ. ಹಸಿರು ತುಂಬಿದ ಬಟ್ಟಲನ್ನು ನೋಡಿ ಆಕೆ ಹೇಳಿದ್ದು: “ತುಂಬ್ದಾಗ್ಲೇ ಅಲ್ವಾ ಸಾಮಿ ನಮ್ಗೆ ಭಯ! ಕಟ್ಟೆಯಿಂದ ಬುಟ್ರೆ ಈ ಮೆಟ್ಲೆಲ್ಲ ಒಂಟೋಯ್ತದೆ. ಅಂಗಡಿ ಎತ್ಕೊಂಡು ಮ್ಯಾಕ್ಕೋಗ್ಬೇಕು.” ಆಕೆಗೆ ಕ್ಯುಸೆಕ್ ಗೊತ್ತಿಲ್ಲವೆಂದಲ್ಲ. ಎಷ್ಟು ಸಾವಿರಕ್ಕೆ ಯಾವ ಮೆಟ್ಟಿಲು, ಎಷ್ಟಕ್ಕೆ ಮಂಟಪ, ಯಾವಾಗ ರಂಗನತಿಟ್ಟಿನ ದೋಣಿ ನಿಲ್ಲುತ್ತದೆ ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯತ್ತ ಕೈ ತೋರಿಸಿ, ನೀರು ಅದರ ಕಲ್ಲುಕಂಬಗಳಿಗೆ ಎಲ್ಲಿಯವರೆಗೆ ಬಂದರೆ ಯಾವ ಬೀದಿಗೆ ನುಗ್ಗುತ್ತದೆಂದೂ ವಿವರಿಸಿದರು. ಇಂಥ ತಿಳಿವಳಿಕೆ ಯಾವ ಡೇಟಾಬೇಸಿನಲ್ಲಿದೆ? ನಾನು ನೋಟ್‌ಬುಕ್ ತೆಗೆದು ಗೀಚಿಕೊಂಡೆ. ಕೆಂಪು, ಹಸಿರು ಎರಡನ್ನೂ ಅಂದೇ ಕಿತ್ತೆವು. ನೀರಿಗೆ ನೀಲಿಯೇ ಇರಲಿ, ಒಳ್ಳೆಯದೋ ಕೆಟ್ಟದ್ದೋ ನೋಡಿದವರು ತೀರ್ಮಾನಿಸಲಿ. ಅಂಕಿಯ ಮುಂದೆ ಬಾಣ ಇಟ್ಟೆವು, ಏರುತ್ತಿದೆಯಾ ಇಳಿಯುತ್ತಿದೆಯಾ ಎಂದು ತೋರಿಸಲು. ಆ ಹೆಂಗಸು ಪರದೆಯಲ್ಲಿ ಮೊದಲು ಹುಡುಕಿದ್ದು ಅದನ್ನೇ.

ಮಳವಳ್ಳಿ ಕಡೆಯ ನಾಲೆಯ ಕೊನೇ ಭಾಗದ ಹಳ್ಳಿಯೊಂದರಲ್ಲಿ ಕಥೆ ಇನ್ನೂ ಸ್ಪಷ್ಟವಾಯಿತು. ವಿಶ್ವೇಶ್ವರಯ್ಯ ನಾಲೆಯ ನೀರು ಉಪನಾಲೆ, ತೂಬು, ಕಾಲುವೆ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ದಾರವಾಗಿರುತ್ತದೆ. ಕಟ್ಟು ನೀರಿನ ಪದ್ಧತಿ: ಇಷ್ಟು ದಿನ ಬಿಡುತ್ತಾರೆ, ಇಷ್ಟು ದಿನ ನಿಲ್ಲಿಸುತ್ತಾರೆ. ಅರಳಿಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಮೊಬೈಲನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ಎಲ್ಲ ನೋಡಿದರು. ಚೆನ್ನಾಗೈತೆ ಅಂದರು. ಆಮೇಲೆ: “ಕಟ್ಟೇಲಿ ಎಷ್ಟೈತೆ ಅಂತ ಪೇಪರ್‌ನೋನೂ ಏಳ್ತಾನೆ ಕಪ್ಪಾ. ನಮ್ಮ ತೂಬ್ಗೆ ಯಾವಾಗ ಬತ್ತದೆ, ಅದುನ್ನ ಏಳು.”

ಅದನ್ನು ಹೇಳುವವರು ಸದ್ಯಕ್ಕೆ ಒಬ್ಬರೇ, ಊರಿನ ನೀರುಗಂಟಿ. ಅವರ ಬಳಿ ಬೀಗದ ಕೈ, ಬೈಕು, ಮತ್ತು ಎಲ್ಲರ ಬೈಗುಳ. ನಮ್ಮ ಪುಟದಲ್ಲಿ ಜಲಾಶಯವಿತ್ತು, ನದಿಯಿತ್ತು, ನಾಲೆಯೇ ಇರಲಿಲ್ಲ. ಕಾರಣ ಸರಳ, ನಾಲೆಯ ತುದಿಯ ಅಂಕಿಯನ್ನು ಯಾರೂ ಹೊತ್ತುಹೊತ್ತಿಗೆ ಪ್ರಕಟಿಸುವುದಿಲ್ಲ. ಅಂಕಿ ಇಲ್ಲದ ಕಡೆ ಏನು ಬರೆಯಬೇಕು? ಸೊನ್ನೆ ಬರೆದರೆ ನೀರಿಲ್ಲವೆಂದಾಗುತ್ತದೆ. ಗೀಟು ಎಳೆದರೆ ಕೆಟ್ಟುಹೋಗಿದೆ ಅಂದುಕೊಳ್ಳುತ್ತಾರೆ. ‘ಇಲ್ಲಿ ಅಳೆಯುವವರಿಲ್ಲ’ ಎಂದೇ ಬರೆಯೋಣವೆಂದು ಗದಗದ ಹುಡುಗಿ ಹಟ ಹಿಡಿದಳು. ಹಾಗೇ ಬರೆದಿದ್ದೇವೆ. ನೋಡಿದ ಕೆಲವರಿಗೆ ಅದು ದೂರಿನಂತೆ ಕೇಳಿಸುತ್ತದೆಯಂತೆ. ಕೇಳಿಸಲಿ.

ಶಿವನಸಮುದ್ರದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು; ಈಗ ಇದೇ ಆಸುಪಾಸಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿನ ನಲ್ಲಿಗಳಿಗೆ ನೀರು ಏರಿ ಹೋಗುತ್ತದೆ. 2024ರ ಅಕ್ಟೋಬರಿನಲ್ಲಿ ಚಾಲನೆಗೊಂಡ, ಆ ಕುಡಿಯುವ ನೀರಿನ ಯೋಜನೆಯ ಐದನೇ ಹಂತವೊಂದೇ ದಿನಕ್ಕೆ 775 ದಶಲಕ್ಷ ಲೀಟರಿನದ್ದು. ಆ ನೀರು ಬೆಂಗಳೂರಿನಲ್ಲಿ ಕುಡಿದು, ತೊಳೆದು, ಚೆಲ್ಲಿ ಏನಾಗುತ್ತದೆ ಎನ್ನುವುದನ್ನು ನೋಡಬೇಕಾದರೆ ಸಂಗಮಕ್ಕೆ ಬರಬೇಕು. ವೃಷಭಾವತಿ ಅರ್ಕಾವತಿಯನ್ನು ಸೇರಿ, ಅರ್ಕಾವತಿ ಕಾವೇರಿಯನ್ನು ಸೇರುವ ಜಾಗ. ಪ್ರವಾಸಿಗಳು ಬಂಡೆಗಳ ಮೇಲೆ ಬುತ್ತಿ ಬಿಚ್ಚಿದ್ದರು. ಕೋಡ್ ಗೆಳೆಯ ಚೀಲದಿಂದ ಪೆನ್ನಿನಂಥ ಮಾಪಕ ತೆಗೆದು ಮೊದಲು ಕಾವೇರಿಗೆ, ಆಮೇಲೆ ಅರ್ಕಾವತಿಗೆ ಅದ್ದಿದ. ನೀರಿನಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ಅದು ವಿದ್ಯುತ್ತನ್ನು ಹೆಚ್ಚು ಹಾಯಿಸುತ್ತದೆ. ಮಾಪಕ ಅದನ್ನು ಓದುತ್ತದೆ. ಅರ್ಕಾವತಿಯ ಅಂಕಿ ಏರಿದ್ದೇ ಏರಿದ್ದು, ಕಾವೇರಿಯದ್ದಕ್ಕಿಂತ ಎಷ್ಟೋ ಪಟ್ಟು. “ಅಂದ್ರ ಇದು ನಮ್ಮ ಮನೀ ನೀರs ಅಲ್ರೀ?” ಅಂದಳು ಹುಡುಗಿ, ಅರ್ಕಾವತಿಯನ್ನು ನೋಡುತ್ತಾ. ಹೌದು, ಕೆಂಗೇರಿಯ ಕಡೆ ಇಳಿದು, ನಮಗಿಂತ ಮೊದಲೇ ಇಲ್ಲಿಗೆ ಬಂದು ಕಾಯುತ್ತಿತ್ತು. ನಕ್ಷೆಯ ಮೇಲೆ ಈ ಸುತ್ತನ್ನು ಒಂದು ಗೆರೆಯಾಗಿ ತೋರಿಸಬೇಕೆಂದು ಆ ಬಂಡೆಯ ಮೇಲೇ ಗೊತ್ತಾಯಿತು: ನಲ್ಲಿಯಿಂದ ಶುರುಮಾಡಿ ನದಿಗೆ ಬೆರಳಾಡಿಸಿದರೆ ದಾರಿ ಕಾಣಬೇಕು.

ಸಂಗಮದಿಂದ ಬಿಳಿಗುಂಡ್ಲು ನೀರಿಗೆ ಹತ್ತಿರ, ರಸ್ತೆಗೆ ದೂರ. ಮೇಕೆದಾಟಿನ ಕಲ್ಲಿನ ಇಕ್ಕಟ್ಟಿನಲ್ಲಿ ನುಸುಳಿ ನದಿ ಕಾಡಿನೊಳಗೆ ಹೋಗಿಬಿಡುತ್ತದೆ. ನಾವು ಆನೇಕಲ್, ಡೆಂಕಣಿಕೋಟೆ, ಅಂಚೆಟ್ಟಿ ಎಂದು ಇನ್ನೊಂದು ರಾಜ್ಯವನ್ನೇ ಸುತ್ತಿ ಬಂದೆವು. ಟೀವಿಯಲ್ಲಿ, ಕೋರ್ಟಿನಲ್ಲಿ, ಬಂದ್ ದಿನದ ಘೋಷಣೆಗಳಲ್ಲಿ ಕೇಳಿ ಕೇಳಿ ಬಿಳಿಗುಂಡ್ಲು ಎಂದರೆ ದೊಡ್ಡದೊಂದು ಹೆಬ್ಬಾಗಿಲು ಎಂಬ ಕಲ್ಪನೆ ನನಗಿತ್ತು. ಬಂದು ನೋಡಿದರೆ ಹುಣಸೆಮರ, ಆಡುಗಳು, ಗುಡ್ಡಗಳ ನಡುವೆ ಹರವಾಗಿ ಹೋಗುವ ನದಿ, ದಡದಲ್ಲಿ ಕೂಡಿಗೆಯಲ್ಲಿ ಕಂಡಂಥವೇ ಕಪ್ಪುಬಿಳುಪಿನ ಕಂಬಗಳು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟು, ಸಾಮಾನ್ಯ ವರ್ಷದಲ್ಲಿ ಕರ್ನಾಟಕ ಇಲ್ಲಿ ಹರಿಸಬೇಕಾದ್ದು 177.25 ಟಿಎಂಸಿ ಎಂದು ಹೇಳಿತು. ಅದಕ್ಕೆ ಮುಂಚೆ 2007ರ ನ್ಯಾಯಮಂಡಳಿ ಹೇಳಿದ್ದು 192. ಅಷ್ಟೂ ಎಣಿಕೆಯಾಗುವುದು ಈ ಗೆರೆಗಳ ಮೇಲೆ. ಒಂದು ದಿನವಿಡೀ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಹುಡುಗಿ ಕಂಬದ ಬಳಿ ಕೂತು ಗೆರೆಗಳನ್ನೇ ನೋಡುತ್ತಿದ್ದಳು. ಎರಡು ರಾಜ್ಯಗಳ ಬಸ್ಸು ನಿಲ್ಲಿಸುವ ಶಕ್ತಿ ಇರುವ ಬಣ್ಣದ ಗೆರೆ ಹತ್ತಿರದಿಂದ ನೋಡಿದರೆ ಅಲ್ಲಲ್ಲಿ ಪಾಚಿ ಕಟ್ಟಿತ್ತು.

ಈ ಕೇಂದ್ರದ ಪುಟ ಹೇಗಿರಬೇಕು ಎನ್ನುವುದು ವಾಪಸು ಬರುವಾಗ ದೊಡ್ಡ ವಾಗ್ವಾದವಾಯಿತು. ಜೂನ್ ಒಂದರಿಂದ ಮೇ ಕೊನೆಯವರೆಗಿನ ಜಲವರ್ಷದಲ್ಲಿ ಇಂದಿನವರೆಗೆ ಹರಿದದ್ದನ್ನೂ ಹರಿಯಬೇಕಾದ್ದನ್ನೂ ಅಕ್ಕಪಕ್ಕ ಇಟ್ಟರೆ ಬೆಂಕಿಗೆ ತುಪ್ಪ ಸುರಿದಂತೆ ಎಂದು ಗೆಳೆಯ. ಮುಚ್ಚಿಟ್ಟರೆ ಗುಮಾನಿ ಹೆಚ್ಚುತ್ತದೆ ಎಂದು ನಾನು. ಅಕ್ಕಪಕ್ಕವೇ ಇಡುವುದೆಂದಾಯಿತು, ಜೊತೆಗೆ ಆ ವರ್ಷ ಕೊಳ್ಳದಲ್ಲಿ ಬಿದ್ದ ಮಳೆಯನ್ನೂ. ಮಳೆಯಿಲ್ಲದೆ ಬರೀ ಹರಿವು ತೋರಿಸುವ ಗ್ರಾಫು ಅರ್ಧ ಸತ್ಯ. ಈ ಪುಟವಂತೂ ತಮಿಳಿನಲ್ಲೂ ಇರಲೇಬೇಕೆಂದು ಹುಡುಗಿ ಹೇಳಿದ್ದಕ್ಕೆ ಯಾರೂ ತಕರಾರು ಎತ್ತಲಿಲ್ಲ.

ಅಂಚೆಟ್ಟಿಯ ಚಹಾದಂಗಡಿಯಲ್ಲಿ ಗೆಳೆಯ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಅಂಗಡಿಯವನು ಚಹಾ ಇಡಲು ಬಂದವನು ಪರದೆಯ ಮೇಲಿನ ನದಿಯನ್ನು ಗುರುತು ಹಿಡಿದ. ಅವನ ಹೆಂಡತಿಯ ತವರು ಮೆಟ್ಟೂರಿನ ಕಡೆಯಂತೆ. ಬೆರಳಿನಿಂದ ಬಿಳಿಗುಂಡ್ಲು ಮುಟ್ಟಿ, ಹೊಗೇನಕಲ್ ದಾಟಿಸಿ, ಮೆಟ್ಟೂರಿನ ಹತ್ತಿರ ತಂದು ನಿಲ್ಲಿಸಿ, ತಮಿಳು ಬೆರೆತ ಕನ್ನಡದಲ್ಲಿ ಕೇಳಿದ: “ಇಲ್ಲಿ ಕಾಣಿಸೋ ನೀರು ಅಲ್ಲಿಗೆ ಎಷ್ಟು ಗಂಟೆಗೆ ಬರುತ್ತೆ ಅಂತ ಇದರಲ್ಲಿ ಹಾಕಿದೀರಾ?” ಗೆಳೆಯ ನಮ್ಮ ಮುಖ ನೋಡಿ, ಹೊಸದೊಂದು ಕಡತ ತೆರೆದ.